ಮೂಟೆಯಣ್ಣ ಹಿಡಿದು ತಂದ ಹಾಡುಗಳು

ಆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವರಿಗೆ ರಜೆ ಬೇಕೆಂದರೆ ಯಾರಾದರೂ ಸಾಯಬೇಕಿತ್ತು. ಕಾಯಿಲೆಗೂ ರಜೆ ಉಂಟು ಎಂದು ನಿಯಮ ಹೇಳುತ್ತಿತ್ತು. ಆದರೆ ಕಾಯಿಲೆ ಎಂದವರಿಗೆ ಮೇಲ್ವಿಚಾರಕರು, "ಆಸ್ಪತ್ರೇಲೇ ಇದೀರಲ್ಲ, ಮೇಲಿನ ಮಹಡಿಗೆ ಹೋಗಿ ತೋರಿಸ್ಕೊಂಡು ಹತ್ತು ನಿಮಿಷದಲ್ಲಿ ಬನ್ನಿ" ಎನ್ನುತ್ತಿದ್ದರು. ಹಾಗಾಗಿ ಸಾವೇ ವಾಸಿ. ಹರಿದ ಹೊದಿಕೆಗಳನ್ನು ಹೊಲಿಯುವ ಹೆಂಗಸೊಬ್ಬಳಿದ್ದಳು. ನಾಲಗೆಯ ಹರಿತ ನೋಡಿ ಎಲ್ಲರೂ ಅವಳನ್ನು ಕತ್ತರಿ ಎನ್ನುತ್ತಿದ್ದರು. ಅವಳು ನಾಲ್ಕು ವರ್ಷದಲ್ಲಿ ತನ್ನ ಅತ್ತೆಯನ್ನು ಮೂರು ಸಲ ಸಾಯಿಸಿದ್ದಳು. ಅತ್ತೆಗೂ ವಿಷಯ ಗೊತ್ತಿತ್ತು. "ಈ ಸಲ ಏನಾಗಿ ಹೋದೆನೇ ನಾನು?" ಎಂದು ಆಸಕ್ತಿಯಿಂದ ವಿಚಾರಿಸುತ್ತಿದ್ದಳಂತೆ.

ಇಂಥ ಕಡೆ ದೊಡ್ಡಕ್ಕ ನಿಜ ಬರೆದುಬಿಟ್ಟಳು.

ದೊಡ್ಡಕ್ಕ ಅಲ್ಲಿ ಹೊದಿಕೆ ಮಡಚುವ ಎಂಟು ಹೆಂಗಸರಲ್ಲಿ ಹಿರಿಯಳು. ಮೂವತ್ತೊಂದು ವರ್ಷದಿಂದ ನಿಂತೇ ಮಡಚುತ್ತಿದ್ದಾಳೆ. ಆ ಎಂಟೂ ಜನಕ್ಕೆ ಒಬ್ಬ ಗಾಯಕಿಯ ಹುಚ್ಚು. ಅವಳದು ನಯವಾದ ಕಂಠವಲ್ಲ. ಮರಳು ಬೆರೆತ ನೀರು ಹರಿದ ಹಾಗೆ ಒರಟು. ನೀರು ಹೊರುವುದು, ನೆಲ ಒರೆಸುವುದು, ಸಂಜೆ ಬಸ್ಸಿಗೆ ಕಾಯುವುದು, ಇಂಥವನ್ನೇ ಹಾಡುತ್ತಿದ್ದಳು. ಹೆಂಗಸರು ಅವಳನ್ನು 'ನಮ್ಮ ಗಂಟಲು' ಎಂದೇ ಕರೆಯುತ್ತಿದ್ದರು. ಆ ಗಂಟಲು ಇನ್ನು ವೇದಿಕೆ ಹತ್ತುವುದಿಲ್ಲವೆಂದೂ ಬರುವ ಭಾನುವಾರ ಮಧ್ಯಾಹ್ನ ಇದೇ ಊರಿನ ಸಭಾಂಗಣದಲ್ಲಿ ಹಾಡುವುದೇ ಕೊನೆಯೆಂದೂ ಸುದ್ದಿ ಬಂತು. ಆಸ್ಪತ್ರೆಗೆ ಮೂವತ್ತು ಪಾಸು ಬಂದವು. ಇಪ್ಪತ್ತೊಂಬತ್ತು ಪಾಸುಗಳು ಮೇಲಿನ ಮಹಡಿಗಳಲ್ಲಿ ತಮ್ಮಷ್ಟಕ್ಕೆ ತಾವೇ ದಾರಿ ಕಂಡುಕೊಂಡವು. ಒಂದು ಮಾತ್ರ ಹೇಗೋ ಜಾರಿ ನೆಲಮಾಳಿಗೆಯ ಲಾಂಡ್ರಿಗೆ ಬಿತ್ತು. ಚೀಟಿ ಎತ್ತಿದರು. ದೊಡ್ಡಕ್ಕನ ಹೆಸರು ಬಂತು.

ಅವಳು ರಜೆ ಅರ್ಜಿಯಲ್ಲಿ 'ಕಾರಣ' ಎಂಬ ಜಾಗದಲ್ಲಿ ದುಂಡಗೆ ಬರೆದಳು: ಹಾಡು ಕೇಳಲು.

ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಕ್ಷರ ಬದಲಾಗಲಿಲ್ಲ.

"ಇದೇನಮ್ಮಾ ಇದು?"

"ಕಾರಣ ಸಾರ್."

"ಹಾಡು ಕೇಳೋದು ಕಾರಣ ಅಲ್ಲ."

"ಮತ್ತೆ ಏನದು ಸಾರ್?"

ಹನ್ನೊಂದು ವರ್ಷದ ಸೇವೆಯಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. "ಅದು... ಆಸೆ" ಎಂದರು. "ಆಸೆಗೆ ನಿಯಮದಲ್ಲಿ ರಜೆ ಇಲ್ಲ. ಯಾರಾದ್ರೂ ಹೋಗ್ಬಿಟ್ರು ಅಂತ ಬರ್ಕೊಡಿ, ಈಗಲೇ ಸಹಿ ಹಾಕ್ತೀನಿ. ನಾನೇನು ಕಲ್ಲು ಮನಸ್ಸಿನವನಲ್ಲ."

ದೊಡ್ಡಕ್ಕ ಒಂದು ರಾತ್ರಿಯೆಲ್ಲ ಯೋಚಿಸಿ ಮರುದಿನ ಬಂದಳು. "ನಂಗಂತ ಇರೋರೇ ಮೂರು ಜನ ಸಾರ್. ಹಾಡಿಗೋಸ್ಕರ ಅವರಲ್ಲೊಬ್ಬರನ್ನ ಸಾಯಿಸೋಕೆ ಮನಸ್ಸು ಬರ್ಲಿಲ್ಲ."

ಅಲ್ಲಿಗೆ ಆ ಪಾಸು ಮೂಟೆಯಣ್ಣನ ಪಾಲಿಗೆ ಬಂತು.

ಮೂಟೆಯಣ್ಣ ಎಂದರೆ ವಾರ್ಡುಗಳಿಂದ ಕೊಳೆ ಬಟ್ಟೆಯನ್ನು ಮೂಟೆ ಕಟ್ಟಿ ಗಾಡಿಯಲ್ಲಿ ತಳ್ಳಿಕೊಂಡು ಬರುವವನು. ಭಾನುವಾರ ಅವನ ವಾರದ ರಜೆ. ಅದಕ್ಕೆ ಯಾರೂ ಸಾಯಬೇಕಿರಲಿಲ್ಲ. ಇದಕ್ಕಿಂತ ಹೆಚ್ಚಿನ ಅರ್ಹತೆಯೂ ಅವನಿಗಿತ್ತು, ಕನಿಷ್ಠ ಅವನೇ ಹೇಳುವ ಪ್ರಕಾರ. ತಿಂಗಳ ಹಿಂದೆ ಹೊಸ ಫೋನು ಕೊಂಡಿದ್ದ. "ಇದರ ಕ್ಯಾಮೆರಾದಲ್ಲಿ ಇರುವೆ ಹಲ್ಲುಜ್ಜೋದೂ ಕಾಣುತ್ತೆ" ಎಂದು ಲಾಂಡ್ರಿಯಿಂದ ಶವಾಗಾರದವರೆಗೆ ಹೇಳಿಕೊಂಡು ಬಂದಿದ್ದ. ಇರುವೆಯನ್ನು ತೋರಿಸು ಎಂದು ಯಾರೂ ಕೇಳಿರಲಿಲ್ಲವಾದ್ದರಿಂದ ಮಾತು ಉಳಿದುಕೊಂಡಿತ್ತು.

ದೊಡ್ಡಕ್ಕ ಪಾಸನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ತಮ್ಮಾ, ನೀನು ಕೇಳು. ಆದ್ರೆ ನಂಗೆ ಅಂತ ಹಿಡ್ಕೊಂಡು ಬಾ. ಒಂದೂ ಬಿಡಬೇಡ."

"ದೊಡ್ಡಕ್ಕಾ, ಅವಳು ಉಸಿರು ಎಳ್ಕೊಳೋದೂ ಬಿಡಲ್ಲ" ಎಂದ ಮೂಟೆಯಣ್ಣ. ಮುಂದೆ ನೋಡಿದರೆ ಇದೊಂದು ಮಾತನ್ನು ಅವನು ಅಕ್ಷರಶಃ ನಡೆಸಿಕೊಟ್ಟ.

ಭಾನುವಾರ ಸಭಾಂಗಣದ ಬಾಗಿಲಲ್ಲೇ ಫೋನು ತೆಗೆದು, ಸರಿಯಿದೆಯೇ ನೋಡೋಣವೆಂದು ಒಮ್ಮೆ ಗುಂಡಿ ಒತ್ತಿ, ಕೆಂಪು ಚುಕ್ಕಿ ಬಂದದ್ದನ್ನು ಕಂಡು ತೃಪ್ತನಾಗಿ, ಹಾಗೇ ಜೇಬಿಗಿಳಿಸಿದ. ಅವನ ಜಾಗ ವೇದಿಕೆಯ ಬದಿಯ ಮೆಟ್ಟಿಲ ಪಕ್ಕ, ದೊಡ್ಡ ಧ್ವನಿಪೆಟ್ಟಿಗೆಯ ಮಗ್ಗುಲಲ್ಲಿತ್ತು. ಮುಂದಿನ ಸಾಲಿನ ಮೆತ್ತನೆಯ ಕುರ್ಚಿಗಳಲ್ಲಿ ಆ ಇಪ್ಪತ್ತೊಂಬತ್ತು ಪಾಸುಗಳು ಕೂತಿದ್ದವು. ಮೊದಲು ಗಣ್ಯರ ಭಾಷಣ. ಎರಡು ದೊಡ್ಡ ಕ್ಯಾಮೆರಾಗಳು ಅದನ್ನು ಭಕ್ತಿಯಿಂದ ಹಿಡಿದವು. ಭಾಷಣ ಮುಗಿದದ್ದೇ ತಡ, ಕ್ಯಾಮೆರಾದವರು ಮೂರು ಕಾಲಿನ ಸ್ಟ್ಯಾಂಡು ಮಡಚಿಕೊಂಡು ಹೊರಟುಹೋದರು. ಹಾಡನ್ನು ಹಿಡಿಯಲು ಅವರಿಗೆ ಯಾರೂ ಹೇಳಿರಲಿಲ್ಲ. ಆಗ ಹಿಂದಿನ ಸಾಲುಗಳಲ್ಲಿ, ಮಹಡಿಯಲ್ಲಿ, ಕಂಬಗಳ ಸಂದಿಯಲ್ಲಿ ನೂರಾರು ಕೈಗಳು ಫೋನು ಹಿಡಿದು ಮೇಲೆದ್ದವು. ಮೂಟೆಯಣ್ಣನ ಕೈಯೂ ಎದ್ದಿತು.

ಅವನು ಮನಸ್ಸಿನಲ್ಲೇ ಒಂದು ನ್ಯಾಯ ಮಾಡಿಕೊಂಡಿದ್ದ: ಕಣ್ಣು ತನ್ನದು, ಕೈ ದೊಡ್ಡಕ್ಕನದು. ಹಾಡು ಶುರುವಾಗುವಾಗ ಗುಂಡಿ ಒತ್ತಿ ಕೈಯನ್ನು ತಲೆಯ ಮೇಲೆ ಕಂಬದ ಹಾಗೆ ನಿಲ್ಲಿಸುವುದು, ಮುಗಿದಾಗ ಮತ್ತೊಮ್ಮೆ ಒತ್ತಿ ಮಂಡಿಯ ಮೇಲೆ ಇಳಿಸುವುದು. ಫೋನಿನ ಪರದೆಯ ಕಡೆ ನೋಡಲೇ ಇಲ್ಲ. ನೋಡಿದರೆ ಹಾಡು ತಪ್ಪುತ್ತಿತ್ತಲ್ಲ! ಹನ್ನೆರಡು ಹಾಡುಗಳಾದವು. ಹನ್ನೆರಡಕ್ಕೂ ತೋಳು ಸೋತು ಮರಗಟ್ಟಿತು. ಐದನೆಯ ಹಾಡಿಗೆ ಅವನು ಅತ್ತ. ಅತ್ತರೂ ಕೈ ಅಲುಗಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ನೋಡಿದಾಗ ಗೊತ್ತಾಯಿತು. ಸಭಾಂಗಣದ ಬಾಗಿಲಲ್ಲಿ ಒತ್ತಿದ ಗುಂಡಿ ಒತ್ತಿದಂತೆಯೇ ಉಳಿದಿತ್ತು. ಆದ್ದರಿಂದ ಮೊದಲ ಹಾಡಿಗೆ ಒತ್ತಿದಾಗ ನಿಂತಿತು, ಹಾಡು ಮುಗಿದು ಒತ್ತಿದಾಗ ಶುರುವಾಯಿತು. ಹೀಗೇ ಕೊನೆಯವರೆಗೆ. ಹಾಡುಗಳು ಒಂದೂ ಇಲ್ಲ. ಹಾಡುಗಳ ನಡುವಿನದೆಲ್ಲ ಒಂದೂ ಬಿಡದೆ ಇದೆ. ಒಂದೊಂದು ತುಣುಕಿನ ಕೊನೆಗೂ ಗಾಯಕಿ ಹಾಡಲೆಂದು ಉಸಿರು ಎಳೆದುಕೊಳ್ಳುತ್ತಾಳೆ, ಅಲ್ಲಿಗೆ ಕತ್ತಲೆ. ಹನ್ನೆರಡು ಸಲ ಹನ್ನೆರಡು ಉಸಿರಿಗೆ ಸರಿಯಾಗಿ, ಗುರಿಯಿಟ್ಟು ಹೊಡೆಯುವವನೂ ನಾಚುವಂತೆ, ಅವನು ಒತ್ತಿದ್ದ. ಹದಿಮೂರನೆಯ ತುಣುಕು ಮಾತ್ರ ಬ್ಯಾಟರಿ ಸಾಯುವವರೆಗೂ ಇತ್ತು. ಅದರಲ್ಲಿ ಬಸ್ಸಿನ ನೆಲ ಕಾಣುತ್ತಿತ್ತು, ಅವನದೇ ದನಿ ಯಾರಿಗೋ ಹೇಳುತ್ತಿತ್ತು: "ಒಂದೂ ಬಿಡದೆ ಹಿಡಿದೆ ನೋಡಿ ಸ್ವಾಮಿ."

ಹೆಂಡತಿ ಬಾಗಿಲು ಬಡಿದಳು. "ಏನ್ರೀ, ಒಳಗೆ ಯಾರ ಜೊತೆ ಮಾತಾಡ್ತಿದೀರಿ?"

"ನನ್ನ ಜೊತೆ ನಾನೇ" ಎಂದ. ಇದು ನಿಜವೇ ಆಗಿತ್ತು.

ನಿಜವನ್ನು ದೊಡ್ಡಕ್ಕನಿಗೆ ಹೇಳಿಬಿಡಬಹುದಿತ್ತು. ಹೇಳಬೇಕೆಂದೇ ಹೊರಟ. ಆದರೆ ಲಾಂಡ್ರಿಯ ಬಾಗಿಲಲ್ಲಿ ಅವಳು ಕೈ ಒರೆಸಿಕೊಳ್ಳುತ್ತ, "ಬಂತಾ ತಮ್ಮಾ?" ಎಂದು ಕೇಳಿದ ರೀತಿಗೆ, "ಬಂತು ದೊಡ್ಡಕ್ಕಾ, ಎಲ್ಲಾ ಬಂತು. ನಾಳೆ ಊಟದ ಹೊತ್ತಿಗೆ ಹಾಕ್ತೀನಿ, ಸ್ವಲ್ಪ ಜೋಡಿಸೋದಿದೆ" ಎಂದುಬಿಟ್ಟ. ಮನುಷ್ಯ ಸುಳ್ಳು ಹೇಳುವುದು ಕೆಟ್ಟವನಾಗಿ ಅಲ್ಲ, ಎದುರಿಗಿರುವವರ ಮುಖ ನೋಡಲಾರದೆ ಎಂಬುದನ್ನು ನಾವು ಮರೆಯಬಾರದು. ಇದರಿಂದ ಸುಳ್ಳೇನೂ ಚಿಕ್ಕದಾಗುವುದಿಲ್ಲ.

ಅವನನ್ನು ಉಳಿಸಿದವರು ಔಷಧಿ ಕಿಟಕಿಯವರು. ಆಸ್ಪತ್ರೆಯ ಮಾತ್ರೆ ಕೊಡುವ ಕಿಟಕಿಯಲ್ಲಿ ಕೂರುವ ಅವರು ಫೋನಿನಲ್ಲಿ 'ಗಂಟಲು ಬಳಗ' ಎಂಬ ಎರಡು ಸಾವಿರ ಅಭಿಮಾನಿಗಳ ಗುಂಪನ್ನು ನಡೆಸುತ್ತಿದ್ದರು. ಮೂಟೆಯಣ್ಣನನ್ನು ಸೇರಿಸಿಕೊಂಡು, "ಇಲ್ಲಿ ಇರೋದು ಒಂದೇ ಕಟ್ಟಳೆ. ಪಡೆದವರು ಕೊಡಬೇಕು. ನೀವು ಹಿಡಿದದ್ದನ್ನೂ ಹಾಕ್ಬೇಕು" ಎಂದರು.

"ಹಾಕ್ತೀನಿ, ಹಾಕ್ತೀನಿ" ಎಂದ ಮೂಟೆಯಣ್ಣ. ಒಂದು ಸುಳ್ಳಿಗೆ ಜೊತೆ ಸಿಕ್ಕಿತು.

ಗುಂಪಿನೊಳಗೆ ಹೊಕ್ಕವನು ಬೆರಗಾದ. ಅಲ್ಲಿ ಹಾಡು ಹಂಚುವವರೆಲ್ಲ ಮೊದಲು ತಾವು ಕೂತ ಜಾಗ ಹೇಳಿ, 'ಕೈ ನಡುಗಿದ್ದಕ್ಕೆ ಕ್ಷಮೆಯಿರಲಿ' ಎಂದು ಬೇಡಿಕೊಳ್ಳುತ್ತಿದ್ದರು. ನೋಡಿದವರು ಹಾಡುವವಳನ್ನು ಹೊಗಳುತ್ತಿರಲಿಲ್ಲ, ಹಿಡಿದ ಕೈಯನ್ನು ಹೊಗಳುತ್ತಿದ್ದರು. 'ಆರು ನಿಮಿಷ ಹೀಗೆ ಹಿಡಿದಿದ್ದೀರಲ್ಲ, ನಿಮ್ಮ ತೋಳಿಗೆ ಶರಣು.' ಎರಡನೆಯ ಹಾಡನ್ನು ಒಬ್ಬರು ಕಂಬದ ಹಿಂದಿನಿಂದ ಹಿಡಿದಿದ್ದರು. ಅರ್ಧ ಗಾಯಕಿ, ಅರ್ಧ ಕಂಬ. ಕೆಳಗೆ ಯಾರೋ ಬರೆದಿದ್ದರು: 'ಕಂಬವೂ ತಲೆದೂಗಿದ ಹಾಗಿದೆ.' ಏಳನೆಯದರಲ್ಲಿ ಮೊದಲಿಂದ ಕೊನೆಯವರೆಗೆ ಒಂದು ಬೋಳು ತಲೆ ಮಾತ್ರವಂತೆ. ಕೆಳಗೆ ಒಬ್ಬರು: 'ಆ ತಲೆ ನನ್ನದು. ದಯವಿಟ್ಟು ಮನ್ನಿಸಿ. ಹಾಡು ಚೆನ್ನಾಗಿ ಬಂದಿದೆ.' ಗೇಟು ಕಾಯುವವನೊಬ್ಬ, 'ನನಗೆ ಆ ದಿನ ಪಾಳಿ ಇತ್ತು, ನಿಮ್ಮಿಂದ ಕೇಳಿದೆ' ಎಂದಿದ್ದ. ಮಲಗಿದಲ್ಲೇ ಇರುವ ಗಂಡನ ಪಕ್ಕ ಕೂತು ನೋಡಿದೆನೆಂದು ಒಬ್ಬಾಕೆ ಬರೆದಿದ್ದಳು. ದೊಡ್ಡ ಕ್ಯಾಮೆರಾಗಳು ಬಿಟ್ಟುಹೋದದ್ದನ್ನು ನಡುಗುವ ಕೈಗಳು ಕಾಪಾಡಿ, ಬರಲಾಗದವರ ಮನೆಗಳಿಗೆ ಮುಟ್ಟಿಸುತ್ತಿದ್ದವು.

ಇದನ್ನೆಲ್ಲ ಓದಿ ಮೂಟೆಯಣ್ಣನ ಕಣ್ಣು ಮಂಜಾಯಿತು. ಮಂಜಾದ ಕಣ್ಣಿನಲ್ಲೇ ಹನ್ನೆರಡು ಹಾಡುಗಳನ್ನು ಹನ್ನೆರಡು ಕೈಗಳಿಂದ ಇಳಿಸಿಕೊಂಡ. ಮೊದಲ ಮೂರನ್ನು ಅರ್ಧರ್ಧ ನೋಡಿದ. ಮಿಕ್ಕವನ್ನು ನೋಡಲು ಹೊತ್ತಿರಲಿಲ್ಲ.

ಮಂಗಳವಾರ ಊಟದ ಹೊತ್ತಿಗೆ ಲಾಂಡ್ರಿಯಲ್ಲಿ ಸಭೆ ಸೇರಿತು. ದನಿ ಜೋರಾಗಲೆಂದು ಫೋನನ್ನು ಖಾಲಿ ಸ್ಟೀಲ್ ಬೋಗುಣಿಯೊಳಗೆ ನಿಲ್ಲಿಸಿದರು. ಎಂಟು ಹೆಂಗಸರು ಡಬ್ಬಿ ಹಿಡಿದು ಸುತ್ತ ನಿಂತರು. ಬಟ್ಟೆಯ ರಾಶಿಯ ಮೇಲೆ ಕೂರುವ ಹಾಗಿರಲಿಲ್ಲ, ಬೇರೆ ಕೂರುವಂಥದ್ದು ಅಲ್ಲಿ ಇರಲಿಲ್ಲ. ಕತ್ತರಿ ತನ್ನ ಹೊಲಿಗೆ ಯಂತ್ರದ ಹಿಂದಿನಿಂದ ಕುತ್ತಿಗೆ ಚಾಚಿದಳು.

ಮೊದಲ ಹಾಡು ಆಯಿತು. ದೊಡ್ಡಕ್ಕನ ಕೈಯ ತುತ್ತು ಕೈಯಲ್ಲೇ ಒಣಗಿತು. ಎರಡನೆಯದಾಯಿತು, ಮೂರನೆಯದೂ.

"ಮೂಟೆಯಣ್ಣಾ" ಎಂದಳು ಕತ್ತರಿ. "ಒಂದನೇದು ಎಡಗಡೆಯಿಂದ. ಎರಡನೇದು ಕಂಬದ ಹಿಂದಿಂದ. ಮೂರನೇದು ಮಹಡಿ ಮೇಲಿಂದ. ನಿಂಗೆ ಕೊಟ್ಟಿದ್ದು ಒಂದು ಕುರ್ಚಿಯೋ, ಇಡೀ ಸಭಾಂಗಣವೋ?"

"ಒಂದೇ ಕಡೆ ಕೂತ್ರೆ ಕೋನ ಸರಿಯಾಗಿ ಬರಲ್ಲ. ಓಡಾಡಿದೆ."

"ಹಾಡಿಗೊಂದು ಮಹಡಿ ಹತ್ತಿ ಇಳಿದ್ಯಾ? ಇಲ್ಲಿ ಲಿಫ್ಟು ಕೆಟ್ಟ ದಿನ ಮಂಡಿ ಹಿಡ್ಕೊಂಡು ಅಳ್ತೀಯ!"

"ಹಾಡಿಗೆ ಮಂಡಿನೋವು ಗೊತ್ತಾಗಲ್ಲ ಕಣಮ್ಮ."

ಉತ್ತರ ಚೆನ್ನಾಗಿತ್ತು. ಕಥೆ ಅಲ್ಲಿಗೆ ಮುಗಿಯಬಹುದಿತ್ತು. ನಾಲ್ಕನೆಯ ಹಾಡು ಬಂತು. ಪಲ್ಲವಿ ಮುಗಿದ ಕೂಡಲೇ, ಫೋನಿನ ತೀರಾ ಹತ್ತಿರದಿಂದ ಒಂದು ಹೆಣ್ಣು ದನಿ ಪಿಸುಗುಟ್ಟಿತು: "ರೀ, ಕೈ ನೋಯ್ತಿದ್ಯಾ? ಇತ್ತ ಕೊಡಿ, ಸ್ವಲ್ಪ ಹೊತ್ತು ನಾ ಹಿಡೀತೀನಿ." ಅದಕ್ಕೊಂದು ಗಂಡು ದನಿ ಮೆಲ್ಲಗೆ ಹೇಳಿತು: "ಬೇಡ ಚಿನ್ನಾ, ನೀನು ಹಾಡು ಕೇಳು."

ಲಾಂಡ್ರಿಯಲ್ಲಿ ಸೂಜಿ ಬಿದ್ದರೆ ಕೇಳುತ್ತಿತ್ತು. ಕತ್ತರಿಯ ಕೈಯಿಂದ ಬಿದ್ದೂ ಬಿತ್ತು.

"ಯಾರದು?" ಎಂದರು ನಾಲ್ಕೈದು ಜನ ಒಟ್ಟಿಗೆ.

ಮೂಟೆಯಣ್ಣನಿಗೆ ಎರಡೇ ದಾರಿ: ಒಂದೋ ಹಾಡು ತನ್ನದಲ್ಲ ಎನ್ನಬೇಕು, ಇಲ್ಲವೇ ಹೆಂಗಸು ತನ್ನವಳು ಎನ್ನಬೇಕು. ಅವನು ಮೂರನೆಯ ದಾರಿ ಹುಡುಕಿದ. "ಪಕ್ಕದ ಸೀಟಿನವರು. ಒಳ್ಳೆಯವರು" ಎಂದ.

ದೊಡ್ಡಕ್ಕ ಡಬ್ಬಿ ಮುಚ್ಚಿದಳು, ಕೈ ತೊಳೆದಳು, ಐದನೆಯ ಹಾಡು ಬೋಗುಣಿಯಲ್ಲಿ ಹಾಡುತ್ತಿರುವಾಗಲೇ ಹೋಗಿ ಮಡಚುವ ಮೇಜಿನ ಮುಂದೆ ನಿಂತಳು. ಬೆನ್ನು ತಿರುಗಿಸಿಯೇ ಕೇಳಿದಳು: "ಇದರಲ್ಲಿ ನಂಗೆ ಅಂತ ಹಿಡಿದದ್ದು ಯಾವುದಪ್ಪಾ?"

ಮೂಟೆಯಣ್ಣ ಬೋಗುಣಿಯಿಂದ ಫೋನು ತೆಗೆದು ಜೇಬಿಗಿಳಿಸಿದ.

ಆಸ್ಪತ್ರೆಯಲ್ಲಿ ಸುದ್ದಿ ಗಾಡಿಗಿಂತ ಬೇಗ ಹೋಗುತ್ತದೆ. ಎರಡನೆಯ ಮಹಡಿಯಲ್ಲಿ ಆ ಹೆಂಗಸಿಗೆ ಒಂದು ಹಸಿರು ಛತ್ರಿ ಬಂದಿತ್ತು. ಮೂರನೆಯದರಲ್ಲಿ ಅವಳು ವಿಧವೆಯಾಗಿದ್ದಳು. ನಾಲ್ಕನೆಯದಕ್ಕೆ ಮೂಟೆಯಣ್ಣ ಗಾಡಿ ತಳ್ಳಿಕೊಂಡು ಹೋದಾಗ ಹಿರಿಯ ನರ್ಸೊಬ್ಬರು ಅವನ ಭುಜ ತಟ್ಟಿ, "ಮಕ್ಕಳಿಗೆ ಏನು ಗತಿ ಅಂತ ಯೋಚಿಸಿದೀರಾ?" ಎಂದು ಕೇಳಿದರು. ಯಾರ ಮಕ್ಕಳು ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಮೂರು ಗಂಟೆಗೆ ಮೇಲ್ವಿಚಾರಕರು ಕರೆಸಿದರು. ಅವರ ಚಿಂತೆ ಬೇರೆಯೇ.

"ಪಾಸು ಎಷ್ಟು?"

"ಒಂದು ಸಾರ್."

"ಹೋದವರು?"

"ಒಬ್ಬನೇ ಸಾರ್."

"ಮತ್ತೆ ಆ ಮಹಿಳೆ? ಆಸ್ಪತ್ರೆಯ ಪಾಸಿನಲ್ಲಿ ಹೊರಗಿನವರು ಒಳಗೆ ಹೋಗಿದಾರೆ ಅಂದ್ರೆ ನಾಳೆ ನನ್ನನ್ನ ಕೇಳ್ತಾರೆ. ಬರವಣಿಗೆಯಲ್ಲಿ ಕೊಡಿ."

ಮೂಟೆಯಣ್ಣ ಬೆವರು ಒರೆಸಿಕೊಳ್ಳುತ್ತ ಬರೆದುಕೊಟ್ಟ: 'ಸದರಿ ಮಹಿಳೆ ಯಾರೆಂದು ನನಗೆ ತಿಳಿದಿರುವುದಿಲ್ಲ.'

ಮೇಲ್ವಿಚಾರಕರು ಅದನ್ನು ಎರಡು ಸಲ ಓದಿದರು. "ಯಾರು ಅಂತ ತಿಳಿಯದ ಮಹಿಳೇನ ಚಿನ್ನಾ ಅಂತೀರಾ?"

"ಅದು ನಾನಲ್ಲ ಸಾರ್."

"ಹಾಗಾದ್ರೆ ಫೋನು ಹಿಡಿದವರು ಯಾರು?"

"ನಾನೇ ಸಾರ್" ಎಂದ ಮೂಟೆಯಣ್ಣ, ಯಾಕೆಂದರೆ ಬಾಗಿಲ ಹೊರಗೆ ಕತ್ತರಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ನಾಳೆ ಮಧ್ಯಾಹ್ನದೊಳಗೆ ಸರಿಯಾದ ಉತ್ತರ ಬೇಕು" ಎಂದು ಮೇಲ್ವಿಚಾರಕರು ಆ ಕಾಗದವನ್ನು ಒಂದು ಹೊಸ ಕಡತಕ್ಕೆ ಸೇರಿಸಿದರು. ಹಾಡು ಕೇಳುವುದಕ್ಕೆ ಆಸ್ಪತ್ರೆಯಲ್ಲಿ ರಜೆ ಇರಲಿಲ್ಲ. ಹಾಡು ಕೇಳಿದ್ದಕ್ಕೆ ಕಡತ ಮಾತ್ರ ಕೂಡಲೇ ಸಿಕ್ಕಿತು.

ಸಂಜೆ ಮನೆಗೆ ಬಂದರೆ ಹೆಂಡತಿಯ ಅಣ್ಣ, ಅಂದರೆ ಭಾವ, ನಡುಮನೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ನಿವೃತ್ತ ಬಸ್ ಕಂಡಕ್ಟರು. ಟಿಕೆಟ್ಟಿಲ್ಲದವರ ಮುಖವನ್ನು ಮೂವತ್ತು ವರ್ಷ ನೋಡಿದ ಕಣ್ಣು. ಪಕ್ಕದಲ್ಲಿ ಎದುರುಮನೆ ಟೀಚರಮ್ಮ. ಅವರ ತಂಗಿ ಆ ಆಸ್ಪತ್ರೆಯಲ್ಲೇ ನರ್ಸು. ಮೇಜಿನ ಮೇಲೆ ಟೀಚರಮ್ಮನ ಫೋನು. ಯಾರು ಯಾರಿಂದಲೋ ದಾಟಿ ನಾಲ್ಕನೆಯ ಹಾಡು ಅವನಿಗಿಂತ ಮೊದಲೇ ಮನೆ ತಲುಪಿತ್ತು.

"ಎಲ್ಲಿಂದ ಎಲ್ಲಿಗೆ?" ಎಂದ ಭಾವ, ಹಳೆಯ ಅಭ್ಯಾಸದಿಂದ.

"ಕೆಲಸದಿಂದ ಮನೆಗೆ, ಭಾವ."

"ನಡುವೆ ಎಲ್ಲೂ ಇಳೀಲಿಲ್ಲವಾ?"

ಟೀಚರಮ್ಮ, "ನಾನು ಇದರಲ್ಲೆಲ್ಲ ತಲೆ ಹಾಕೋಳಲ್ಲ" ಎಂದು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ಆದ್ರೂ ಆ ದನಿ ಕೇಳಿ ನನಗೇ ಸಂಕಟ ಆಯ್ತು. ಎಷ್ಟು ಪ್ರೀತಿಯಿಂದ ಕೇಳ್ತಾಳೆ, ಕೈ ನೋಯ್ತಿದ್ಯಾ ಅಂತ!"

ಹೆಂಡತಿ ಅಡುಗೆಮನೆಯಿಂದ ಬಂದಳು. ಅತ್ತಿರಲಿಲ್ಲ. ಟೀಚರಮ್ಮನ ಫೋನು ಎತ್ತಿಕೊಂಡು ನಾಲ್ಕನೆಯ ಹಾಡನ್ನು ಮತ್ತೊಮ್ಮೆ ಹಾಕಿ, 'ಬೇಡ ಚಿನ್ನಾ' ಎಂಬಲ್ಲಿ ನಿಲ್ಲಿಸಿದಳು.

"ಅಣ್ಣಾ, ಇದು ಇವರಲ್ಲ."

"ಹೇಗೆ ಹೇಳ್ತೀಯಮ್ಮ? ಫೋನಿನಲ್ಲಿ ಎಲ್ಲರ ದನಿಯೂ ಒಂದೇ."

"ದನಿ ಬಿಡು. ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು. ಚಿನ್ನಾ ಅನ್ನೋ ಮಾತು ಇವರ ಬಾಯಲ್ಲಿ ಒಂದು ಸಲವೂ ಬಂದಿಲ್ಲ. ಅದು ಎಲ್ಲಿರುತ್ತೆ ಅಂತ್ಲೂ ಇವರಿಗೆ ಗೊತ್ತಿಲ್ಲ."

ಭಾವ ಮೂಟೆಯಣ್ಣನ ಮುಖ ನೋಡಿದ. ನಿಜ ಅಲ್ಲೇ ಬರೆದಂತಿತ್ತು. ಇಷ್ಟು ದೂರ ಬಂದದ್ದು ವ್ಯರ್ಥವಾಯಿತಲ್ಲ ಎಂಬ ಬೇಸರದಿಂದ ಭಾವ ಕಾಲು ಇಳಿಸಿದ. ಟೀಚರಮ್ಮ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು.

ಮೂಟೆಯಣ್ಣ ನಿರಪರಾಧಿಯಾದ. ಆದರೆ ಇಂಥ ಬಿಡುಗಡೆ ಅವನಿಗೆ ಶಿಕ್ಷೆಗಿಂತ ಭಾರವಾಯಿತು. ಇಬ್ಬರೂ ಹೊರಟ ಮೇಲೆ ಹೆಂಡತಿಯ ಮುಂದೆ ಎಲ್ಲವನ್ನೂ ಬಿಚ್ಚಿದ: ಬಾಗಿಲಲ್ಲಿ ಒತ್ತಿದ ಗುಂಡಿ, ಹನ್ನೆರಡು ಉಸಿರು, ಬಳಗ, ಸುಳ್ಳು.

ಅವಳು ಕೇಳಿ ಮುಗಿಸಿ, "ನಿಮ್ಮ ಕೈ ನೋಯ್ತಾ?" ಎಂದಳು.

"ತುಂಬಾ."

"ನನ್ನದೂ ನೋಯುತ್ತೆ. ದಿನಾ" ಎಂದಳು. ಅಣ್ಣ ಕುಡಿದಿಟ್ಟ ಲೋಟ ಎತ್ತಿಕೊಳ್ಳುತ್ತ, "ದೊಡ್ಡಕ್ಕಂಗೆ ಹೇಳಿಬಿಡಿ. ಅವರು ಬೈದ್ರೆ ಬೈಸ್ಕೊಳಿ" ಎಂದಳು. ಆ ಸಂಜೆ ಪಾತ್ರೆಗಳನ್ನು ಮೂಟೆಯಣ್ಣ ತೊಳೆದ. ಕೆಟ್ಟದಾಗಿಯೇ ತೊಳೆದ, ಆದರೂ ಅವಳು ಮತ್ತೆ ತೊಳೆಯಲಿಲ್ಲ.

ಆಮೇಲೆ ಬಳಗದಲ್ಲಿ ಬರೆದ: 'ನಾಲ್ಕನೆಯ ಹಾಡು ಹಿಡಿದವರು ಯಾರು? ಅವರು ಹೆಂಡತಿಯ ಜೊತೆ ಆಡಿದ ಎರಡು ಮಾತಿಗಾಗಿ ನನ್ನ ಮೇಲೆ ಕಡತ ತೆರೆದಿದ್ದಾರೆ.' ಐದೇ ನಿಮಿಷದಲ್ಲಿ ಒಬ್ಬ ಗೋಡೆಗೆ ಬಣ್ಣ ಬಳಿಯುವವನು ಉತ್ತರಿಸಿದ: 'ಅಣ್ಣಾ, ಅದು ನನ್ನ ಹೆಂಡತಿ. ನಿಮ್ಮ ಸಾಹೇಬರಿಗೆ ಬೇಕಾದರೆ ಇಬ್ಬರೂ ಬಂದು ನಿಲ್ಲುತ್ತೇವೆ.' ಅವನ ಹೆಂಡತಿಯ ದನಿಯೂ ಬಂತು: "ನನ್ನ ಗಂಡನ್ನ ಬೇರೆಯವರು ಅಂದ್ಕೊಂಡ್ರಾ? ಇಂಥ ಬೆಪ್ಪು ಇನ್ನೊಂದು ಸಿಗುತ್ತಾ ಸ್ವಾಮಿ?" ಬಳಗವೆಲ್ಲ ನಕ್ಕಿತು. ನಕ್ಕು ಮುಗಿಸಿ ಒಬ್ಬರು ಕೇಳಿದರು: 'ಅದಿರಲಿ, ನೀವು ಹಿಡಿದದ್ದು ಎಲ್ಲಿ?' ಇನ್ನೊಬ್ಬರು: 'ಹನ್ನೆರಡು ಪಡೆದವರು ಒಂದಾದರೂ ಕೊಡಬೇಕು.' ಔಷಧಿ ಕಿಟಕಿಯವರು ಕಟ್ಟಳೆ ನೆನಪಿಸಿದರು.

ಮೂಟೆಯಣ್ಣ ತುಂಬಾ ಹೊತ್ತು ಬೆರಳಾಡಿಸಿ ಬರೆದ: 'ನನ್ನದು ಹಾಡಲ್ಲ. ಒತ್ತುವುದರಲ್ಲಿ ತಪ್ಪಾಗಿ ನಡುವಿನದು ಮಾತ್ರ ಬಂದಿದೆ. ಅದನ್ನೂ ಕೊಡುತ್ತೇನೆ. ಆದರೆ ಅದು ಒಬ್ಬರಿಗೆಂದು ಹಿಡಿದದ್ದು. ಅವರು ನೋಡದೆ ಬೇರೆಯವರಿಗೆ ತೋರಿಸಲಾರೆ. ತೆಗೆದುಹಾಕುವುದಾದರೆ ಹಾಕಿ.'

ಬಳಗದ ಒಬ್ಬೊಬ್ಬರೂ ಅದನ್ನು ಓದಿದರು. ಕೊನೆಗೆ ಏಳನೆಯ ಹಾಡಿನ ಬೋಳು ತಲೆಯವರು ಬರೆದರು: 'ಕಾಯುತ್ತೇವೆ.'

ಬುಧವಾರ ಊಟದ ಹೊತ್ತಿಗೆ ಮೂಟೆಯಣ್ಣ ದೊಡ್ಡಕ್ಕನ ಮುಂದೆ ನಿಂತ. ವಾರ್ಡುಗಳಿಗೆ ಹೋಗಬೇಕಾದ ಹೊದಿಕೆಗಳೆಲ್ಲ ಬೆಳಿಗ್ಗೆಯೇ ಹೋಗಿದ್ದವು. ಇಸ್ತ್ರಿ ಹಾಕುವ ದೊಡ್ಡ ಉರುಳೆಯನ್ನು ಊಟಕ್ಕೆಂದು ನಿಲ್ಲಿಸಿದ್ದರು. ಹೆಂಗಸರು ಕಿವಿ ಇತ್ತ ಕೊಟ್ಟು ಕಣ್ಣು ಡಬ್ಬಿಯಲ್ಲಿಟ್ಟಿದ್ದರು. ಅವನು ಎಲ್ಲ ಹೇಳಿದ.

ಕತ್ತರಿಗೆ ನಗು ತಡೆಯಲಾಗಲಿಲ್ಲ. "ಇರುವೆ ಹಲ್ಲುಜ್ಜೋದು ಕಾಣೋ ಫೋನು! ಹಾಡೋದೊಂದು ಬಿಟ್ಟು ಎಲ್ಲಾ ಕಂಡಿದೆ!"

ದೊಡ್ಡಕ್ಕ ನಗಲಿಲ್ಲ. "ಸುಳ್ಳು ಯಾಕೆ ಹೇಳಿದೆ?"

"ನೀನು ಬಿಟ್ಟುಕೊಟ್ಟ ಜಾಗ ದಂಡ ಆಯ್ತು ಅಂತ ಹೇಳೋಕೆ ನಾಲಗೆ ಬರ್ಲಿಲ್ಲ ದೊಡ್ಡಕ್ಕಾ."

"ನೀನು ಕೇಳಿದ್ಯಾ, ಹಾಡು?"

"ಕೇಳಿದೆ. ಐದನೇದಕ್ಕೆ ಅತ್ತೆ."

"ಹಂಗಾದ್ರೆ ಜಾಗ ದಂಡ ಆಗ್ಲಿಲ್ಲ." ಅವಳು ಕೈ ಒರೆಸಿಕೊಂಡಳು. "ಆ ಪುಣ್ಯಾತ್ಮರು ಹಿಡಿದದ್ದನ್ನ ಆಮೇಲೆ ನೋಡೋಣ. ಮೊದಲು ನೀನು ನಂಗೆ ಅಂತ ಹಿಡಿದದ್ದನ್ನ ಹಾಕು."

ಬೋಗುಣಿಯಲ್ಲಿ ಫೋನು ನಿಂತಿತು. ಮೊದಲು ಜೇಬಿನ ಕತ್ತಲೆ, ಜನರ ಗದ್ದಲ, ಯಾವುದೋ ಭಾಷಣದ ಗೊಣಗು. ಆಮೇಲೆ ಬೆಳಕಾಯಿತು. ಫೋನು ಅವನ ಮಂಡಿಯ ಮೇಲಿದ್ದ ಕಾರಣ ವೇದಿಕೆಯ ನೆಲ ಮಾತ್ರ ಕಾಣುತ್ತಿತ್ತು. ತಂತಿಗಳು. ಗಾಯಕಿಯ ಎರಡು ಪಾದಗಳು. ಪಕ್ಕದಲ್ಲಿ ನೀರು ಚೆಲ್ಲಿದೆ. ಒಂದು ಕೈ ಬಟ್ಟೆ ಹಿಡಿದು ಒರೆಸುತ್ತಿದೆ. ಆ ಪಾದಗಳು ಒಂದೊಂದಾಗಿ ಎದ್ದು ಅದಕ್ಕೆ ದಾರಿ ಬಿಡುತ್ತಿವೆ. ಆ ಒರಟು ದನಿ ಮೈಕಿಗೆ ಸಿಗದಷ್ಟು ಮೆಲ್ಲಗೆ, "ನಿಧಾನ ಕಣ್ರೀ, ನಾನೇ ಚೆಲ್ಲಿದ್ದು" ಎನ್ನುತ್ತದೆ. ಪಾದಗಳು ಚಪ್ಪಲಿ ಬಿಡುತ್ತವೆ. ಒಂದು ಹೆಬ್ಬೆರಳು ಇನ್ನೊಂದು ಕಾಲಿನ ಗಿಣ್ಣನ್ನು ತಿಕ್ಕುತ್ತದೆ. ವಾದ್ಯ ಶುರುವಾಗುತ್ತದೆ. ಉದ್ದನೆಯ ಒಂದು ಉಸಿರು. ಕತ್ತಲೆ.

ಹೆಂಗಸರು ಡಬ್ಬಿಗಳನ್ನು ಪಕ್ಕಕ್ಕಿಟ್ಟರು.

"ಇನ್ನೊಂದು ಸಲ ಹಾಕು" ಎಂದಳು ದೊಡ್ಡಕ್ಕ. ಈ ಸಲ ಬೋಗುಣಿಯ ಮೇಲೆ ಬಾಗಿ ನೋಡಿದಳು. "ಇವಳ ಕಾಲೂ ಊದಿದೆ ಕಣ್ರೇ" ಎಂದಳು. "ನೋಡ್ರೇ ಗಿಣ್ಣು. ಥೇಟ್ ನಮ್ಮದೇ."

ಎಂಟು ತಲೆಗಳು ಬೋಗುಣಿಯ ಮೇಲೆ ಬಾಗಿದವು. ಎರಡು ಸಾವಿರ ಜನರ ಬಳಗದಲ್ಲಿ ಅವಳ ಮುಖವನ್ನು ನೂರು ಕಡೆಯಿಂದ ಹಿಡಿದವರಿದ್ದರು. ಈ ಕಾಲನ್ನು ಯಾರೂ ಕಂಡಿರಲಿಲ್ಲ.

ಊಟದ ಹೊತ್ತು ಮುಗಿದ ಗಂಟೆ ಹೊಡೆಯಿತು. ಉರುಳೆಯ ಗುಂಡಿ ಇದ್ದದ್ದು ಕತ್ತರಿಯ ಬೆನ್ನ ಹಿಂದಿನ ಗೋಡೆಯಲ್ಲಿ. ಅವಳು ಎದ್ದಳು, ಅದನ್ನು ಮರೆ ಮಾಡಿ ಗೋಡೆಗೆ ಬೆನ್ನು ಒರಗಿಸಿ ನಿಂತಳು, ಕೈ ಕಟ್ಟಿಕೊಂಡಳು. ದೊಡ್ಡಕ್ಕ ಮೂವತ್ತೊಂದು ವರ್ಷದಲ್ಲಿ ಮಾಡದ ಕೆಲಸ ಮಾಡಿದಳು: ಬಟ್ಟೆ ತುಂಬುವ ಒಂದು ಖಾಲಿ ಪ್ಲಾಸ್ಟಿಕ್ ತೊಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಮಿಕ್ಕವರು ಅವಳನ್ನು ನೋಡಿದರು. ತೊಟ್ಟಿಗಳು ಒಂದೊಂದಾಗಿ ಬೋರಲಾದವು.

"ಮತ್ತೆ ಹಾಕು ತಮ್ಮಾ."

ನೀರು, ಒರೆಸುವ ಕೈ, ಪಾದ, ಚಪ್ಪಲಿ, ಉಸಿರು. ಕತ್ತಲೆಯಾಯಿತು. ಆ ಕತ್ತಲೆ ನಿಂತಲ್ಲಿಂದ ದೊಡ್ಡಕ್ಕನ ದನಿಯಲ್ಲಿ ಮೊದಲ ಹಾಡು ಎದ್ದಿತು:

*ಕೂರು ಅಂದವರಿಲ್ಲ ಅವ್ವಾ, ಕೂರು ಅಂದವರಿಲ್ಲ,*
*ನಿಂತು ನಿಂತು ನೆಲವೇ ಸವೆದರೂ ಕೂರು ಅಂದವರಿಲ್ಲ.*

ಶ್ರುತಿ ಸರಿಯಿರಲಿಲ್ಲ. ಎರಡನೆಯ ಸಾಲಿಗೆ ಏಳು ದನಿಗಳು ಸೇರಿದವು. ಆಗ ಶ್ರುತಿಯ ಮಾತೇ ಉಳಿಯಲಿಲ್ಲ. ಕತ್ತರಿ ಗೋಡೆಗೆ ಒರಗಿಕೊಂಡೇ ಹಾಡಿದಳು, ಕಣ್ಣು ಮುಚ್ಚಿ, ಯಾರನ್ನೂ ಚುಚ್ಚದೆ. ಮೂಟೆಯಣ್ಣ ಹಾಡಲಿಲ್ಲ. ಇಂದು ಕಣ್ಣೂ ಕೈಯೂ ಎರಡೂ ಅವನವೇ ಆಗಿದ್ದವು, ಏನು ಮಾಡುವುದೆಂದು ತಿಳಿಯದೆ ಸುಮ್ಮನೆ ಕೇಳಿದ.

ಉರುಳೆಯ ಸದ್ದು ಕೇಳದೆ ಮೇಲ್ವಿಚಾರಕರು ಕಡತ ಕಂಕುಳಲ್ಲಿಟ್ಟುಕೊಂಡು ಇಳಿದು ಬಂದರು.

"ಯಂತ್ರಕ್ಕೇನಾಯ್ತು?"

"ಯಂತ್ರಕ್ಕೇನೂ ಆಗಿಲ್ಲ ಸಾರ್" ಎಂದಳು ಕತ್ತರಿ, ಚರಣಕ್ಕೂ ಚರಣಕ್ಕೂ ನಡುವೆ.

ಅವರು ಒಬ್ಬೊಬ್ಬರ ಮುಖ ನೋಡಿದರು. ಯಾರೂ ಎದ್ದು ನಿಲ್ಲಲಿಲ್ಲ, ಯಾರೂ ಹಾಡು ನಿಲ್ಲಿಸಲಿಲ್ಲ. ಬೈಯಬೇಕೆಂದು ಬಾಯಿ ತೆರೆದರು. ಹಾಡಿನ ಮಧ್ಯೆ ಯಾರನ್ನು ಹೇಗೆ ಬೈಯುವುದೆಂಬುದು ನಿಯಮದಲ್ಲಿ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತರು. ಹಾಡು ತನ್ನಷ್ಟಕ್ಕೆ ತಾನು ಕೊನೆ ಮುಟ್ಟಿತು.

"ಮುಗೀತಾ?" ಎಂದರು ಮೇಲ್ವಿಚಾರಕರು.

ದೊಡ್ಡಕ್ಕ ಮೂಟೆಯಣ್ಣನ ಕಡೆ ನೋಡಿದಳು. ಮೂಟೆಯಣ್ಣ ಉಳಿದಿದ್ದ ಒಂದು ತೊಟ್ಟಿಯನ್ನು ಬೋರಲು ಹಾಕಿ, ಕಾಲಿನಿಂದ ಮೇಲ್ವಿಚಾರಕರ ಕಡೆ ಸರಿಸಿದ.

"ಇದು ಮೊದಲನೇದು ಸಾರ್" ಎಂದ. "ಇನ್ನೂ ಹನ್ನೊಂದಿದೆ. ಕೂತ್ಕೊಳಿ."